ಒಂದು ಗಿಟಾರ್, ಎರಡು ಕಂಠ, ಒಂದು ಡಬ್ಬ: ಕರಾವಳಿಯಲ್ಲಿ ಬೋಸ್ ಎಸ್ ವನ್ ಪ್ರೊ

ಮೊದಲೇ ಹೇಳಿಬಿಡುತ್ತೇನೆ. ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡುವವರು ನೀವು, ಎದುರಿಗೆ ಕೂರುವುದು ಐವತ್ತು ಅರವತ್ತು ಜನ, ಜಾಗ ಕೆಫೆಯೋ ಮನೆಯಂಗಳವೋ ಆದರೆ ಬೋಸ್ ಎಸ್ ವನ್ ಪ್ರೊ ಅನ್ನುವ ಬ್ಯಾಟರಿ ಸ್ಪೀಕರ್ ಡಬ್ಬವನ್ನು ಧೈರ್ಯವಾಗಿ ತಗೊಳ್ಳಿ. ಕಲ್ಯಾಣ ಮಂಟಪಕ್ಕೆ ಸಾಕಾಗುತ್ತದೆ, ಬೀಚಿನಲ್ಲಿ ಮುನ್ನೂರು ಜನಕ್ಕೆ ಕೇಳುತ್ತದೆ ಅಂದುಕೊಂಡು ತಗೊಂಡರೆ ದುಡ್ಡು ದಂಡ. ಇಷ್ಟೇ ಬೇಕಿದ್ದವರು ಇಲ್ಲಿಗೆ ನಿಲ್ಲಿಸಬಹುದು. ಉಳಿದವರಿಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಇದನ್ನು ಕೊಂಡವರು ಅರ್ಧ ಜನ "ಸೌಂಡ್ ಅಷ್ಟೇನಿಲ್ಲ ಮಾರಾಯ" ಅನ್ನುತ್ತಾರೆ, ಇನ್ನರ್ಧ ಜನ ಹೊಗಳಿ ಅಟ್ಟಕ್ಕೇರಿಸುತ್ತಾರೆ. ಇಬ್ಬರ ಹತ್ತಿರ ಇರುವುದೂ ಅದೇ ಡಬ್ಬ. ವ್ಯತ್ಯಾಸ ಬರುವುದು ಅದನ್ನು ಎಲ್ಲಿ ಇಡುತ್ತಾರೆ, ಅದರೊಳಗೆ ಏನು ಚುಚ್ಚುತ್ತಾರೆ ಅನ್ನುವುದರಲ್ಲಿ.

ನಮ್ಮದು ಸಣ್ಣ ಜೋಡಿ. ನಾನು ಗಿಟಾರ್ ಬಾರಿಸಿ ಹಾಡುತ್ತೇನೆ, ತಂಗಿ ಜೊತೆಗೆ ಹಾಡುತ್ತಾಳೆ. ಕನ್ನಡ, ಕೊಂಕಣಿ, ತುಳು, ಜನ ಕೇಳಿದರೆ ಹಿಂದಿ. ಮಣಿಪಾಲದ ಕೆಫೆಗಳು, ಮಂಗಳೂರಿನಲ್ಲಿ ಬರ್ತ್‌ಡೇ, ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆ ಹಿಂದಿನ ದಿನದ ರೋಸ್ ಶಾಸ್ತ್ರ, ಹೀಗೆ. ಇಂಥ ಕಡೆ ದೊಡ್ಡ ಸೌಂಡ್ ಬೇಕಾಗಿಲ್ಲ. ಆದರೆ ಬಾಡಿಗೆಗೆ ಬರುವುದು ದೊಡ್ಡದೇ. ನಮ್ಮೂರ ಮೈಕ್ ಸೆಟ್‌ನವರು ಯಕ್ಷಗಾನಕ್ಕೂ ಭಜನೆಗೂ ಕೋಲಕ್ಕೂ ಸೌಂಡ್ ಕೊಟ್ಟು ಪಳಗಿದವರು, ಚೆಂಡೆಯ ಅಬ್ಬರದ ಮಧ್ಯೆ ಭಾಗವತರ ಸ್ವರ ಕೇಳಿಸುವುದು ಸುಲಭದ ಕೆಲಸ ಅಲ್ಲ, ಅದರಲ್ಲಿ ಅವರಿಗೆ ಶರಣು. ಆದರೆ ಗಿಟಾರ್ ಕಂಡ ಕೂಡಲೇ ಬೇಸ್ ಏರಿಸಿ, ಕಂಠಕ್ಕೆ ಬಾವಿಯೊಳಗಿಂದ ಬಂದಷ್ಟು ಎಕೋ ಹಾಕಿ ಚಾ ಕುಡಿಯಲು ಹೋಗುವ ಪುಣ್ಯಾತ್ಮರೂ ಇದ್ದಾರೆ. ಒಂದು ಕಡೆ ಆಪರೇಟರ್‌ಗೆ "ಅಣ್ಣಾ, ಎಕೋ ಸ್ವಲ್ಪ ತೆಗೀತೀರಾ?" ಅಂದದ್ದಕ್ಕೆ "ಎಕೋ ಇಲ್ಲದಿದ್ರೆ ಹಾಡು ಹಾಡಿನ ಹಾಗೆ ಕೇಳುವುದಿಲ್ಲ" ಅಂತ ಉತ್ತರ ಬಂತು. ಸ್ವಂತಕ್ಕೆ ಒಂದು ಬೇಕು ಅನಿಸಿದ್ದು ಇಂಥದ್ದರಿಂದಲೇ.

ಈಗ ಡಬ್ಬ. 2018ರಲ್ಲಿ ಬಂದ ಮಾಡೆಲ್. ತೂಕ 7 ಕಿಲೋ ಚಿಲ್ಲರೆ, ಮೇಲೆ ಹಿಡಿ ಉಂಟು, ಒಂದೇ ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಗಿಟಾರ್ ಹಿಡಿದು ಬಸ್ಸು ಹತ್ತಬಹುದು, ಹತ್ತಿದ್ದೇನೆ ಕೂಡ. ಒಳಗೆ 6 ಇಂಚಿನ ಒಂದು ವೂಫರ್ (ಬೇಸ್ ಸ್ಪೀಕರ್), ಅದರ ಜೊತೆ ಸಣ್ಣ ಮೂರು ಸ್ಪೀಕರ್. ಮೈಕ್ ಅಥವಾ ಗಿಟಾರ್ ಚುಚ್ಚಲು ಎರಡು ಚಾನೆಲ್, ಮೂರನೆಯದು ಬ್ಲೂಟೂತ್‌ಗೆ ಮತ್ತು ಆಕ್ಸ್‌ಗೆ, ಅಂದರೆ ಫೋನನ್ನು ವೈರಿನಲ್ಲಿ ಚುಚ್ಚಲು. ಮೊದಲ ಎರಡು ಚಾನೆಲ್‌ಗೆ ವಾಲ್ಯೂಮ್, ಟ್ರೆಬಲ್, ಬೇಸ್, ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು). ಟೋನ್‌ಮ್ಯಾಚ್ ಅಂತ ಟೋನ್ ಹೊಂದಿಸುವ ಒಂದು ಸಣ್ಣ ಸ್ವಿಚ್ ಬೇರೆ ಇದೆ, ಮೈಕಿಗೆ ಒಂದು, ಗಿಟಾರಿಗೆ ಒಂದು, ಮಧ್ಯದಲ್ಲಿ ಆಫ್. ಡಬ್ಬವನ್ನು ಸ್ಟ್ಯಾಂಡ್ ಮೇಲೆ ಇಟ್ಟಿದ್ದೀರೋ, ನೆಲದ ಮೇಲೆ ಹಿಂದಕ್ಕೆ ವಾಲಿಸಿದ್ದೀರೋ, ಹಾಡುವವರಿಗೇ ಕೇಳಲೆಂದು ಇಡುವ ಮಾನಿಟರ್ ಹಾಗೆ ಅಡ್ಡ ಮಲಗಿಸಿದ್ದೀರೋ ಅಂತ ಅದಕ್ಕೇ ಗೊತ್ತಾಗುತ್ತದೆ, ಅದರ ಪ್ರಕಾರ ಟೋನ್ ಬದಲಾಯಿಸಿಕೊಳ್ಳುತ್ತದೆ. ಶೋಕಿಗೆ ಕೊಟ್ಟದ್ದು ಅಂದುಕೊಂಡಿದ್ದೆ, ಅಲ್ಲ, ನೆಲದಲ್ಲಿಟ್ಟಾಗ ಬೇಸ್ ಗುಂಯ್ ಅನ್ನುವುದು ನಿಜಕ್ಕೂ ಕಮ್ಮಿ.

ಬ್ಲೂಟೂತ್ ಬಗ್ಗೆ ಹೇಳಲು ಎಂತ ಇಲ್ಲ. ಬ್ರೇಕಿನಲ್ಲಿ ಫೋನಿಂದ ಹಾಡು ಹಾಕಬಹುದು.

ಗಿಟಾರ್ ವಿಷಯ ಸ್ವಲ್ಪ ದೊಡ್ಡದು. ನಮ್ಮಲ್ಲಿ ಹೆಚ್ಚಿನವರ ಎಲೆಕ್ಟ್ರೋ ಅಕೌಸ್ಟಿಕ್‌ನಲ್ಲಿ ಇರುವುದು ಸ್ಯಾಡಲ್ (ತಂತಿ ಕೂರುವ ಪಟ್ಟಿ) ಅಡಿಯ ಪೀಜೋ ಪಿಕಪ್. ಅದು ಗಾಳಿಯಲ್ಲಿ ಬರುವ ಶಬ್ದ ಕೇಳುವುದಿಲ್ಲ, ತಂತಿ ಸ್ಯಾಡಲ್ ಮೇಲೆ ಒತ್ತುವ ಒತ್ತಡವನ್ನು ಹಿಡಿಯುತ್ತದೆ. ಹಾಗಾಗಿ ಮರದ ಗುಂಗು ಹೋಗಿ, ಜೋರಾಗಿ ಸ್ಟ್ರಮ್ ಮಾಡಿದರೆ ತಗಡಿಗೆ ಬಡಿದ ಹಾಗೆ ಕೇಳುತ್ತದೆ. ಈ ಕರ್ಕಶ ಇರುವುದು ಹೆಚ್ಚಾಗಿ 1ರಿಂದ 3 ಕಿಲೋಹರ್ಟ್ಸ್ ನಡುವೆ, ಅಂದರೆ ಬೇಸ್‌ಗೂ ಟ್ರೆಬಲ್‌ಗೂ ನಡುವಿನ ಮಿಡ್‌ನಲ್ಲಿ. ಎಸ್ ವನ್ ಪ್ರೊದಲ್ಲಿ ಮಿಡ್ ನಾಬ್ ಇಲ್ಲ! ಬೇಸ್ ಮತ್ತು ಟ್ರೆಬಲ್ ಮಾತ್ರ. ಟ್ರೆಬಲ್ ಇಳಿಸಿದರೆ ತಗಡು ಶಬ್ದದ ಜೊತೆ ತಂತಿಯ ಹೊಳಪೂ ಹೋಗುತ್ತದೆ, ಗಿಟಾರಿಗೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಟೋನ್‌ಮ್ಯಾಚ್‌ನ ಗಿಟಾರ್ ಸೆಟ್ಟಿಂಗ್ ಅಷ್ಟೋ ಇಷ್ಟೋ ಸರಿಮಾಡುತ್ತದೆ, ಮೆಲ್ಲಗೆ ಬೆರಳಲ್ಲಿ ಮೀಟುವವರಿಗೆ ಅದೇ ಸಾಕಾದೀತು. ನನಗೆ ಸಾಕಾಗಲಿಲ್ಲ.

ಅದಕ್ಕೆ ಗಿಟಾರಿಗೂ ಡಬ್ಬಕ್ಕೂ ಮಧ್ಯದಲ್ಲಿ ಒಂದು ಪ್ರೀ ಆಂಪ್, ಅಂದರೆ ಟೋನ್ ತಿದ್ದುವ ಸಣ್ಣ ಪೆಟ್ಟಿಗೆ ಬೇಕು. ನಾನು ಇಟ್ಟುಕೊಂಡಿರುವುದು ಎಲ್‌ಆರ್ ಬ್ಯಾಗ್ಸ್ ಪ್ಯಾರಾ ಡಿಐ, ಹಳೇ ಕಾಲದ ಸಾಮಾನು, ಆದರೆ ಗಟ್ಟಿ. ಮಿಡ್ ಎಲ್ಲಿ ಬೇಕೋ ಅಲ್ಲಿಗೆ ತಿರುಗಿಸಿ ಇಳಿಸಬಹುದು, ಒಂದೇ ಸ್ವರವನ್ನು ಹುಡುಕಿ ಇಳಿಸುವ ನಾಚ್ ಇದೆ, ಫೇಸ್ (ಶಬ್ದದ ಅಲೆ) ತಿರುಗಿಸುವ ಸ್ವಿಚ್ ಇದೆ. ಒಂದು ಮಾತು ನೆನಪಿರಲಿ, ಅದು ಫ್ಯಾಂಟಮ್ ಪವರ್‌ನಲ್ಲಿ (ಮೈಕ್ ವೈರಿನಲ್ಲೇ ಬರುವ ಕರೆಂಟ್) ಅಥವಾ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಎಸ್ ವನ್ ಪ್ರೊ ಫ್ಯಾಂಟಮ್ ಕೊಡುವುದಿಲ್ಲ, ಹಾಗಾಗಿ ಬ್ಯಾಟರಿ ಹಾಕಲೇಬೇಕು. ಇದೇ ಕಾರಣಕ್ಕೆ ಕಂಡೆನ್ಸರ್ ಮೈಕನ್ನೂ ಈ ಡಬ್ಬಕ್ಕೆ ನೇರ ಚುಚ್ಚಿ ಪ್ರಯೋಜನ ಇಲ್ಲ.

ನಾಚ್ ಯಾಕೆ ಬೇಕು ಅಂದರೆ, ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಉಂಟು. ದೊಡ್ಡ ಡ್ರೆಡ್‌ನಾಟ್ ಗಿಟಾರ್‌ಗಳಲ್ಲಿ ಅದು 100 ಹರ್ಟ್ಸ್ ಆಚೀಚೆ ಇರುತ್ತದೆ, ಎ ತಂತಿ 110 ಹರ್ಟ್ಸ್, ಹತ್ತಿರ ಹತ್ತಿರ ಅಲ್ವಾ? ಸ್ಪೀಕರ್‌ನ ಶಬ್ದ ಗಿಟಾರಿಗೆ ಬಡಿದರೆ ಆ ಸ್ವರ ತಾನಾಗಿ ಎದ್ದು, ನಿಲ್ಲದೆ ಗುಂಯ್ಯ್ ಅನ್ನುತ್ತಾ ಹೋಗುತ್ತದೆ. ಪರೀಕ್ಷೆ ಸುಲಭ. ವಾಲ್ಯೂಮ್ ಹಾಡುವ ಮಟ್ಟಕ್ಕೆ ಏರಿಸಿ, ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದು ಗಿಟಾರಿನ ಮೇಲ್ಮೈಗೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ. ತಟ್ಟಿದ ಶಬ್ದ ಅಲ್ಲಿಗೇ ಸತ್ತರೆ ಸರಿ. ಬಾಲ ಎಳೆದುಕೊಂಡು ನಿಂತರೆ ನಾಚ್ ನಾಬನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ, ಒಂದು ಜಾಗದಲ್ಲಿ ಆ ಬಾಲ ಕಟ್ ಆಗುತ್ತದೆ. ಅಷ್ಟೇ, ಅಲ್ಲೇ ಬಿಡಿ. ಪ್ರೀ ಆಂಪ್‌ಗೆ ಖರ್ಚು ಮಾಡಲು ಮನಸ್ಸಿಲ್ಲದವರು ಸೌಂಡ್‌ಹೋಲ್‌ಗೆ ಹಾಕುವ ರಬ್ಬರ್ ಮುಚ್ಚಳ ತಗೊಳ್ಳಿ. ನೋಡಲು ಚಂದ ಇಲ್ಲ, ಕೆಲಸ ಮಾತ್ರ ಪಕ್ಕಾ.

ಕಂಠಕ್ಕೆ ಶೂರ್ ಎಸ್‌ಎಂ 58. ಇದರ ಬಗ್ಗೆ ಹೊಸದಾಗಿ ಹೇಳುವುದು ಎಂತ, 1966ರಿಂದ ಇರುವ ಮೈಕ್, ಮಾರ್ಕೆಟ್ಟಿನಲ್ಲಿ ಅಸಲಿಗಿಂತ ನಕಲಿಯೇ ಜಾಸ್ತಿ ಅನ್ನುವಷ್ಟು ಫೇಮಸ್, ಹಾಗಾಗಿ ನಂಬಿಕೆಯ ಅಂಗಡಿಯಿಂದಲೇ ತಗೊಳ್ಳಿ. ತುಟಿಗೆ ತೀರಾ ಹತ್ತಿರ ಹಿಡಿದರೆ ಬೇಸ್ ಏರುತ್ತದೆ. ತಂಗಿಯ ಸ್ವರ ತೆಳು, ಅವಳಿಗೆ ಅದು ಒಳ್ಳೆಯದೇ, ನನ್ನ ಸ್ವರ ಮೊದಲೇ ದಪ್ಪ, ಹಾಗಾಗಿ ನಾನು ನಾಲ್ಕು ಬೆರಳು ದೂರ ನಿಂತು ಚಾನೆಲ್‌ನ ಬೇಸ್ ಇಳಿಸುತ್ತೇನೆ. ಮತ್ತೆ, ಮೈಕಿನ ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಬರ್ತ್‌ಡೇ ಪಾರ್ಟಿಯಲ್ಲಿ ಮಕ್ಕಳ ಕೈಗೆ ಮೈಕ್ ಕೊಟ್ಟ ಕೂಡಲೇ ಕುಂಯ್ ಅನ್ನುವುದು ಇದಕ್ಕೇ. ಆ ಮೈಕ್ ಎದುರಿನ ಶಬ್ದ ಹೆಚ್ಚು, ಹಿಂದಿನದ್ದು ಕಮ್ಮಿ ಕೇಳುವ ಹಾಗೆ ಮಾಡಿದ್ದು, ತಲೆ ಮುಚ್ಚಿದರೆ ಆ ಲೆಕ್ಕ ತಪ್ಪಿ ಎಲ್ಲಾ ಕಡೆಯಿಂದ ಹೀರುತ್ತದೆ.

ಈ ಹಿಂದಿನ ಕಡೆ ಕಮ್ಮಿ ಕೇಳುವ ಗುಣವೇ ಡಬ್ಬವನ್ನು ಎಲ್ಲಿಡಬೇಕು ಅಂತ ಹೇಳಿಕೊಡುತ್ತದೆ. ನನ್ನ ಪ್ರಕಾರ ಸೌಂಡ್ ಚಂದ ಆಗುವುದೋ ಹಾಳಾಗುವುದೋ ಇಲ್ಲೇ, ವ್ಯಾಟ್‌ನಲ್ಲಿ ಅಲ್ಲ. ಜಾಹೀರಾತಿನಲ್ಲಿ ನೋಡಿದ ಹಾಗೆ ಡಬ್ಬವನ್ನು ಬೆನ್ನ ಹಿಂದೆ ಇಟ್ಟು ಹಾಡುವವರಿದ್ದಾರೆ. ಮೆಲ್ಲಗೆ ಹಾಡುವಾಗ ನಡೆಯುತ್ತದೆ, ನಮ್ಮ ಸ್ವರ ನಮಗೂ ಜನರಿಗೂ ಒಂದೇ ಹಾಗೆ ಕೇಳುತ್ತದೆ, ಅದು ದೊಡ್ಡ ಸುಖ. ಆದರೆ ಜನರ ಮಾತು ಜೋರಾದ ಹಾಗೆ ನೀವೂ ಏರಿಸುತ್ತೀರಿ, ಮೈಕಿನ ಮುಖ ನೇರ ಸ್ಪೀಕರ್ ಕಡೆಗೇ ಇರುವುದರಿಂದ ಅದು ಕೂಗಲು ಶುರು. ನಾನು ಇಡುವುದು ಹೀಗೆ: ಸ್ಟ್ಯಾಂಡ್ ಮೇಲೆ, ತಲೆಯ ಎತ್ತರಕ್ಕೆ, ನನ್ನ ಎಡಕ್ಕೆ ಒಂದೂವರೆ ಮೀಟರ್ ದೂರ, ಮೈಕಿಗಿಂತ ಅರ್ಧ ಹೆಜ್ಜೆ ಮುಂದೆ, ಮುಖ ಜನರ ಕಡೆ. ನನಗೆ ಅದರ ಬದಿಯಿಂದ ಸ್ವಲ್ಪ ಕೇಳುತ್ತದೆ, ಅಷ್ಟು ಸಾಕು. ಗಿಟಾರಿನ ಬಾಯಿ ಸ್ಪೀಕರ್ ಕಡೆಗೆ ತಿರುಗದ ಹಾಗೆ ಕುರ್ಚಿಯನ್ನು ಒಂಚೂರು ಬಲಕ್ಕೆ ಹೊರಳಿಸಿಕೊಳ್ಳುತ್ತೇನೆ.

ಹಾಗೆ ಇಟ್ಟಾಗ ಒಂದು ಕಿರಿಕಿರಿ ಉಂಟು. ನಾಬ್‌ಗಳೆಲ್ಲ ಡಬ್ಬದ ಹಿಂಬದಿಯಲ್ಲಿ. ಹಾಡಿನ ಮಧ್ಯೆ ರಿವರ್ಬ್ ಕಮ್ಮಿ ಮಾಡಬೇಕು ಅಂದರೆ ಎದ್ದು ಹೋಗಬೇಕು. ಕೆಫೆಯ ಮಬ್ಬು ಬೆಳಕಿನಲ್ಲಿ ಒಂದೇ ಹಾಗೆ ಕಾಣುವ ಎಂಟು ಕರಿ ನಾಬ್‌ಗಳಲ್ಲಿ ಯಾವುದು ಯಾವುದು ಅಂತ ಬೆರಳಲ್ಲಿ ಹುಡುಕುತ್ತಾ, ಮೈಕಿನ ಬದಲು ಗಿಟಾರಿನ ಬೇಸ್ ತಿರುಗಿಸಿದರೆ ಜನರಿಗೆ ಗೊತ್ತಾಗಿಬಿಡುತ್ತದೆ. ನಾನು ಸರಿಯಾದ ಜಾಗಕ್ಕೆ ಬಿಳಿ ನೈಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಿದ್ದೇನೆ. ತಂಗಿಯ ಐಡಿಯಾ.

ರೂಮಿನ ಪಾತ್ರವೂ ಸಣ್ಣದಲ್ಲ. ಹಳೇ ಹಂಚಿನ ಮನೆಗಳಲ್ಲಿ, ಹಂಚನ್ನೇ ಮಾಡಾಗಿ (ಛಾವಣಿಯಾಗಿ) ಉಳಿಸಿಕೊಂಡ ಕೆಫೆಗಳಲ್ಲಿ, ಅಕೌಸ್ಟಿಕ್ ಗಿಟಾರ್ ಎಷ್ಟು ಚಂದ ಕೇಳುತ್ತದೆ ಅಂದರೆ ರಿವರ್ಬ್ ಪೂರ್ತಿ ಬಂದ್ ಮಾಡಿದರೂ ನಡೆಯುತ್ತದೆ. ಇಳಿಜಾರು ಮಾಡು ಶಬ್ದವನ್ನು ನೆಟ್ಟಗೆ ವಾಪಸ್ ಎಸೆಯುವುದಿಲ್ಲ, ಹಂಚಿನ ಸಂದಿಯಲ್ಲಿ ಸ್ವಲ್ಪ ಹೊರಗೂ ಹೋಗುತ್ತದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಫ್ಯಾಕ್ಟರಿ ಹಾಕಿದಾಗ ಗಿಟಾರ್‌ನವರ ಬಗ್ಗೆ ಯೋಚಿಸಿರಲಿಕ್ಕಿಲ್ಲ, ಆದರೂ ಥ್ಯಾಂಕ್ಸ್. ಇದಕ್ಕೆ ತದ್ವಿರುದ್ಧ ನಮ್ಮ ಆರ್‌ಸಿಸಿ ಹಾಲ್‌ಗಳು. ಕೆಳಗೆ ಟೈಲ್ಸ್, ಮೇಲೆ ಸಪಾಟು ಸ್ಲ್ಯಾಬ್, ಸುತ್ತ ಗಾಜು. ಚಪ್ಪಾಳೆ ತಟ್ಟಿ ನೋಡಿ, ಟರ್ರ್ ಅಂತ ವಾಪಸ್ ಬರುತ್ತದೆ. ಅಲ್ಲಿ ವಾಲ್ಯೂಮ್ ಏರಿಸಿದಷ್ಟೂ ಸಾಹಿತ್ಯ ಕಲಸಿ ಹೋಗುತ್ತದೆ. ಡಬ್ಬವನ್ನು ಗೋಡೆಯ ಮೂಲೆಗೆ ತಾಗಿಸಬೇಡಿ, ಬೇಸ್ ಉಬ್ಬುತ್ತದೆ. ಜನರ ಹತ್ತಿರ ತಂದು, ಕಿವಿಯ ಎತ್ತರಕ್ಕೆ ಇಟ್ಟು, ಕಮ್ಮಿ ವಾಲ್ಯೂಮ್‌ನಲ್ಲಿ ಹಾಡಿ. ಜನ ಬಂದು ತುಂಬಿದ ಮೇಲೆ ಅರ್ಧ ಗೋಳು ತಾನಾಗಿ ಕಮ್ಮಿ ಆಗುತ್ತದೆ, ಮೈಮೇಲಿನ ಬಟ್ಟೆ ಶಬ್ದ ಹೀರುತ್ತದೆ, ಹಾಗಾಗಿ ಖಾಲಿ ಹಾಲ್‌ನಲ್ಲಿ ಮಾಡಿದ ಸೌಂಡ್ ಚೆಕ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನಮ್ಮಂಥ ಜೋಡಿಗೆ ನಿಜವಾದ ತೊಡಕು ಬೇರೆ. ಎರಡು ಮೈಕ್, ಒಂದು ಗಿಟಾರ್, ಅಂದರೆ ಮೂರು ವೈರ್. ಇರುವುದು ಎರಡು ತೂತು. ಒಬ್ಬರೇ ಹಾಡುವವರಿಗೆ ಈ ಡಬ್ಬ ಅಳತೆ ಕೊಟ್ಟು ಹೊಲಿಸಿದಂತಿದೆ, ಇಬ್ಬರಾದ ಕೂಡಲೇ ಸಣ್ಣ ಮಿಕ್ಸರ್ ಬೇಕು. ನಾವು ಯಮಹಾ ಎಂಜಿ 06 ಇಟ್ಟಿದ್ದೇವೆ. ಅದರಲ್ಲಿ ಮೈಕಿಗೆ ಎರಡು ಜಾಗ, ಎರಡಕ್ಕೂ ಕೆಳಗಿನ ಗುಂಗು ಕತ್ತರಿಸುವ ಹೈ ಪಾಸ್ ಸ್ವಿಚ್ ಉಂಟು, ಒತ್ತಿಡಿ, ತೆಗೆಯಲೇಬೇಡಿ. ಎರಡೂ ಕಂಠವನ್ನು ಮಿಕ್ಸರ್‌ನಲ್ಲಿ ಸೇರಿಸಿ ಡಬ್ಬದ ಮೊದಲ ಚಾನೆಲ್‌ಗೆ, ಟೋನ್‌ಮ್ಯಾಚ್ ಆಫ್ ಮಾಡಿ. ಗಿಟಾರನ್ನು ಪ್ರೀ ಆಂಪ್ ಮೂಲಕ ನೇರ ಎರಡನೇ ಚಾನೆಲ್‌ಗೆ. ಹೀಗೆ ಮಾಡಿದರೆ ಕಂಠಕ್ಕೆ ಬೇರೆ ರಿವರ್ಬ್, ಗಿಟಾರಿಗೆ ಬೇರೆ. ಗಿಟಾರಿಗೆ ನಾನು ರಿವರ್ಬ್ ಕೊಡುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಆದರೆ ಮಿಕ್ಸರ್ ಬಂದರೆ ಅದಕ್ಕೆ ಅಡಾಪ್ಟರ್, ಅಡಾಪ್ಟರ್‌ಗೆ ಕರೆಂಟ್, ಬ್ಯಾಟರಿ ಡಬ್ಬ ತಗೊಂಡ ಮಜಾ ಅಲ್ಲಿಗೆ ಅರ್ಧ ಹೋಯಿತು. ಕರೆಂಟ್ ಹೋದಾಗ ನಾವು ಇಬ್ಬರೂ ಒಂದೇ ಮೈಕಿಗೆ ಬಂದು ನಿಂತು ಹಾಡು ಮುಂದುವರಿಸುತ್ತೇವೆ, ಜನರಿಗೆ ಅದೇ ಇಷ್ಟ ಅಂತ ಬೇರೆ ಕಾಣುತ್ತದೆ.

ಗೇನ್, ಅಂದರೆ ಒಳಗೆ ಬರುವ ಸಿಗ್ನಲ್‌ನ ಮಟ್ಟದ ಬಗ್ಗೆ ಒಂದೇ ಮಾತು. ಸೌಂಡ್ ಚೆಕ್ ಮಾಡುವಾಗ ನಾಚಿಕೆಯಲ್ಲಿ ಮೆಲ್ಲಗೆ ಬಾರಿಸಿ ಸೆಟ್ ಮಾಡಬೇಡಿ, ಕೊನೇ ಹಾಡಿನಲ್ಲಿ ಎಷ್ಟು ಜೋರು ಹೊಡೆಯುತ್ತೀರೋ ಅಷ್ಟೇ ಜೋರಾಗಿ ಹೊಡೆದು, ಕೆಂಪು ದೀಪ ಬಾರದ ಹಾಗೆ ನೋಡಿಕೊಳ್ಳಿ.

ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಬೀಚಿನಲ್ಲಿ ಹಾಡುವ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಕೇಳಿ. ಕಂಪನಿ ಹೇಳುವ ಪ್ರಕಾರ ಒಂದು ಮೀಟರ್ ದೂರದಲ್ಲಿ ಇದರ ಗರಿಷ್ಠ ಶಬ್ದ 103 ಡೆಸಿಬಲ್. ಬಯಲಿನಲ್ಲಿ ದೂರ ಎರಡು ಪಟ್ಟು ಆದ ಹಾಗೆ 6 ಡೆಸಿಬಲ್ ಇಳಿಯುತ್ತದೆ, ಹದಿನಾರು ಮೀಟರ್ ಆಚೆ ಕೂತವನಿಗೆ ತಲುಪುವುದು 79. ಅದೂ ಡಬ್ಬ ಉಸಿರು ಬಿಗಿಹಿಡಿದು ಕೂಗಿದಾಗ. ವಾಪಸ್ ಕಳಿಸಲು ಗೋಡೆ ಇಲ್ಲ, ತೆರೆಯ ಶಬ್ದ ನಿಲ್ಲುವುದಿಲ್ಲ, ಗಾಳಿ ಬೀಸಿದರೆ ಟ್ರೆಬಲ್ ಎಲ್ಲೋ ಹೋಗುತ್ತದೆ. ಇಪ್ಪತ್ತು ಜನ ಮರಳಲ್ಲಿ ಸುತ್ತ ಕೂತರೆ ಸೊಗಸು. ಅದಕ್ಕಿಂತ ಜಾಸ್ತಿ ಆದರೆ ಬಾಡಿಗೆ ಸೆಟ್ಟೇ ಸರಿ. ಹಾಗೆಯೇ, ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ, ಡಬ್ಬ ಸಣ್ಣದು ಅಂತ ರಿಯಾಯಿತಿ ಇಲ್ಲ. ರೋಸ್ ಮನೆಯಲ್ಲಿ "ಇನ್ನೊಂದು ಹಾಡು, ಇನ್ನೊಂದು ಹಾಡು" ಅಂತ ಅಂಕಲ್‌ಗಳು ಒತ್ತಾಯ ಮಾಡುವುದು ಸರಿಯಾಗಿ ಹತ್ತು ಗಂಟೆಗೇ.

ಬ್ಯಾಟರಿ 11 ಗಂಟೆಯವರೆಗೆ ಬರುತ್ತದೆ ಅನ್ನುತ್ತಾರೆ. ಜೋರಾಗಿ ಹಾಕಿದರೆ ಅಷ್ಟು ಬರುವುದಿಲ್ಲ, ಯಾವ ಬ್ಯಾಟರಿಯೂ ಬರುವುದಿಲ್ಲ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಧಾರಾಳ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು, ಆಗ ಈ ಒಂದು ಗುಣಕ್ಕೇ ಕೊಟ್ಟ ದುಡ್ಡು ವಸೂಲು. ಮಳೆ ಮಾತ್ರ ತಾಗಿಸಬೇಡಿ, ಇದು ವಾಟರ್‌ಪ್ರೂಫ್ ಅಲ್ಲ. ಡಬ್ಬಕ್ಕಿಂತ ಹೆಚ್ಚು ಮಳೆಗಾಲದಲ್ಲಿ ಹೈರಾಣಾಗುವುದು ಗಿಟಾರ್. ಅದಕ್ಕೆ ಹಿತವಾದ ತೇವ ನೂರಕ್ಕೆ 45ರಿಂದ 55, ಇಲ್ಲಿ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತು) 90 ಮುಟ್ಟುವುದು ಮಾಮೂಲು. ಮೇಲ್ಮೈ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಸ್ವರವೇ ಮಂಕು. ಎಂಥ ಸ್ಪೀಕರ್ ಇಟ್ಟರೂ ಮಂಕು ಗಿಟಾರ್ ಮಂಕೇ. ಕೇಸ್‌ನಲ್ಲಿ ಸಿಲಿಕಾ ಜೆಲ್ ಹಾಕಿಡಿ, ಕೋಟಿಂಗ್ ಇರುವ ತಂತಿ ಹಾಕಿ, ಬೀಚಿನಿಂದ ಬಂದ ಮೇಲೆ ತಂತಿಯನ್ನೂ ಜ್ಯಾಕ್‌ಗಳನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪುಗಾಳಿಗೆ ಜ್ಯಾಕ್ ಕಿಲುಬು ಹಿಡಿದರೆ ಕರಕರ ಶುರುವಾಗುತ್ತದೆ, ಜನ ಸ್ಪೀಕರಿಗೆ ಬಯ್ಯುತ್ತಾರೆ.

ಇದರ ಬದಲಿಗೆ ಏನು ನೋಡಬಹುದು? ಫಿಶ್‌ಮನ್ ಲೌಡ್‌ಬಾಕ್ಸ್ ಮಿನಿ. 60 ವ್ಯಾಟ್, ಸುಮಾರು 9 ಕಿಲೋ, ಗಿಟಾರಿಗೊಂದು ಮೈಕಿಗೊಂದು ಚಾನೆಲ್. ಗಿಟಾರ್ ಚಾನೆಲ್‌ನಲ್ಲಿ ಮಿಡ್ ನಾಬ್ ಇದೆ, ಫೇಸ್ ಸ್ವಿಚ್ ಇದೆ, ದೊಡ್ಡ ಸೆಟ್‌ಗೆ ಕೊಡಲು ಎಕ್ಸ್‌ಎಲ್‌ಆರ್ ಡಿಐ (ಮೈಕ್ ವೈರ್ ಚುಚ್ಚುವ ಔಟ್‌ಪುಟ್) ಕೂಡ ಇದೆ. ಬರೀ ಗಿಟಾರ್ ಕೇಳಿದರೆ ನನಗೆ ಅದೇ ಇಷ್ಟ, ಬೆಚ್ಚಗಿನ ಸ್ವರ, ಬೇರೆ ಪ್ರೀ ಆಂಪ್‌ನ ಹಂಗಿಲ್ಲ. ಕಂಠದಲ್ಲಿ ಬೋಸ್ ಒಂದು ಕೈ ಮೇಲೆ, ಸಾಹಿತ್ಯ ಸ್ಪಷ್ಟ, ಬದಿಯಲ್ಲಿ ಕೂತವರಿಗೂ ಕೇಳುತ್ತದೆ. ಸಾದಾ ಮಿನಿಯಲ್ಲಿ ಬ್ಯಾಟರಿ ಇಲ್ಲ, ನೆಲದಲ್ಲಿಟ್ಟರೆ ಮುಂದಿನ ಸಾಲಿನವರ ಮೊಣಕಾಲಿಗೇ ಹಾಡಿದ ಹಾಗೆ, ಒಂದು ಕುರ್ಚಿ ಕೇಳಿ ಪಡೆದು ಅದರ ಮೇಲಿಡಬೇಕು. ಗಿಟಾರ್ ಮುಖ್ಯ, ಹಾಡು ಆಮೇಲೆ ಅನ್ನುವವರು ಅದನ್ನೇ ತಗೊಳ್ಳಿ. ಬೋಸ್‌ನದ್ದೇ ಎಸ್ ವನ್ ಪ್ರೊ ಪ್ಲಸ್ 2023ರಲ್ಲಿ ಬಂದಿದೆ, ವೈರ್‌ಲೆಸ್ ಟ್ರಾನ್ಸ್‌ಮಿಟರ್ ಸೇರಿಸಿಕೊಳ್ಳಬಹುದು, ಆದರೆ ಅದಕ್ಕೆ ಬೇರೆ ದುಡ್ಡು. ಕೂತು ಹಾಡುವವರಿಗೆ ಅಷ್ಟೇನೂ ಬೇಕಾಗಿಲ್ಲ.

ದೊಡ್ಡ ಫಂಕ್ಷನ್‌ಗೆ ಹೋದಾಗಲೂ ನಾನು ಈ ಡಬ್ಬ ಒಯ್ಯುತ್ತೇನೆ. ನಮ್ಮ ಕಂಠ, ಗಿಟಾರ್ ಎಲ್ಲಾ ಇದರಲ್ಲೇ ಮಿಕ್ಸ್ ಮಾಡಿ, ಲೈನ್ ಔಟ್‌ನಿಂದ ಒಂದು ಡಿಐ ಬಾಕ್ಸ್ (ಸಿಗ್ನಲ್ಲನ್ನು ಮೈಕ್ ವೈರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಮೂಲಕ ಮೈಕ್ ಸೆಟ್‌ನವರಿಗೆ ಒಂದೇ ಒಂದು ವೈರ್ ಕೊಡುತ್ತೇನೆ. ಡಬ್ಬ ನಮಗೆ ಮಾನಿಟರ್ ಆಯಿತು, ಅವರಿಗೆ ಏರಿಸಲು ಇಳಿಸಲು ಒಂದೇ ಫೇಡರ್. "ಅಣ್ಣಾ, ರಿವರ್ಬ್ ಇದರಲ್ಲೇ ಉಂಟು, ನೀವು ಮತ್ತೆ ಹಾಕುವುದು ಬೇಡ" ಅಂತ ಮೊದಲೇ, ನಗುನಗುತ್ತಾ, ಅವರ ಜೊತೆ ಒಂದು ಚಾ ಕುಡಿದು ಹೇಳಿಬಿಡುವುದು.

ಹೊಸದಕ್ಕೆ ಬೆಲೆ ಜಾಸ್ತಿಯೇ, ಅದರ ಮೇಲೆ ಮೈಕ್, ಪ್ರೀ ಆಂಪ್, ಸ್ಟ್ಯಾಂಡ್ ಲೆಕ್ಕ ಹಾಕಿ. ಬಜೆಟ್ ಬಿಗಿ ಇದ್ದರೆ ಮೊದಲು ಮೈಕ್ ಮತ್ತು ಪ್ರೀ ಆಂಪ್ ತಗೊಳ್ಳಿ, ಅವೆರಡನ್ನು ಯಾವ ಸೆಟ್‌ಗೆ ಬೇಕಾದರೂ ಚುಚ್ಚಬಹುದು, ಡಬ್ಬ ಮುಂದಿನ ವರ್ಷಕ್ಕಿರಲಿ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬಿಡಬೇಡಿ, ಆದರೆ ಬ್ಯಾಟರಿ ನೋಡಿ. ವೈರ್ ತೆಗೆದು, ಅರ್ಧ ಗಂಟೆ ಜೋರಾಗಿ ಹಾಡು ಹಾಕಿ ಬಿಡಿ. ಮಾರುವವನು ಅಷ್ಟು ಹೊತ್ತು ಕಾಯಲು ಒಪ್ಪದಿದ್ದರೆ ಬ್ಯಾಟರಿ ಹೋಗಿದೆ ಅಂತಲೇ ಲೆಕ್ಕ. ಹೊಸ ಬ್ಯಾಟರಿ ಬೇರೆಯಾಗಿ ಸಿಗುತ್ತದೆ, ಅದರ ದುಡ್ಡು ಕಳೆದು ಚೌಕಾಶಿ ಮಾಡಿ.